ಎಷ್ಟು ಜೊತೆ ಚಪ್ಪಲಿ?

ಟೀವಿಯಲ್ಲಿ ಅಂಜನ್ ಮಾತು ಶುರುಮಾಡಿದ ಮೂರನೇ ನಿಮಿಷಕ್ಕೆ ಮುನಿಯಕ್ಕನ ನಡುಮನೆಯಲ್ಲಿ ನಗು ಗಕ್ಕನೆ ನಿಂತಿತು.

"ನಮ್ಮ ಓನರಮ್ಮ ದಿನಾ ಬೆಳಿಗ್ಗೆ ಮೂರು ಮಹಡಿ ಹತ್ತಿ ಪ್ರದಕ್ಷಿಣೆ ಬರ್ತಾರೆ. ಭಕ್ತಿ ಅನ್ಕೊಂಡ್ರಾ? ಬಾಗ್ಲು ಬಾಗ್ಲಿಗೂ ಚಪ್ಪಲಿ ಎಣಿಸ್ತಾರೆ! ಒಂದು ಜೊತೆ ಜಾಸ್ತಿ ಕಂಡ್ರೆ ನೀರಿನ ಮೋಟ್ರು ಆಫ್. ನಮ್ಮ ಮಾವ ಬಂದಾಗ ಅವ್ರ ಚಪ್ಪಲೀನ ಫ್ರಿಜ್ಜಲ್ಲಿ ಬಚ್ಚಿಟ್ಟೆ ಕಣ್ರೀ. ಪಾಪ, ಮೂರು ದಿನ ತಣ್ಣಗೆ ಓಡಾಡಿದ್ರು!"

‘ನಾಲ್ಕು ಕುರ್ಚಿ’ ಕಾರ್ಯಕ್ರಮದ ಖಾಯಂ ಮೂವರು ಮೇಜು ಗುದ್ದಿ ನಕ್ಕರು. ನಾಲ್ಕನೆಯದು ಅತಿಥಿಯ ಕುರ್ಚಿ. ಪ್ರತಿ ಶನಿವಾರ ಸಂಜೆ ಅಲ್ಲಿ ಯಾರು ಕೂತರೂ ಮುನಿಯಕ್ಕನ ತೀರ್ಪು ತಪ್ಪದು. ಹೋದ ವಾರದವನು ‘ಉಪ್ಪಿಲ್ಲದ ಸಾರು’ ಆಗಿದ್ದ. ಈ ವಾರ ತನ್ನ ಬಿಲ್ಡಿಂಗಿನ ಹುಡುಗನೇ ಕೂರುತ್ತಾನೆಂದು ಬಾಡಿಗೆಯವರನ್ನೆಲ್ಲ ಕರೆದು, ಮೊರದ ತುಂಬ ಕಡ್ಲೆಪುರಿ ಸುರಿದಿದ್ದಳು. ಅಂಜನ್ನೂ ಅಲ್ಲೇ ಚಾಪೆಯ ಮೇಲಿದ್ದ. ಬುಧವಾರ ಅವನ ಅಮ್ಮ ಕಣ್ಣಿನ ಆಪರೇಷನ್ನಿಗೆ ಬರುವವರಿದ್ದರು, ಒಂದು ತಿಂಗಳು ಉಳಿಯಬೇಕು. ಅಕ್ಕ ನಗುತ್ತಿರುವಾಗ ಕೇಳಿಬಿಡೋಣ ಅಂತ ಹೊಂಚು ಹಾಕಿದ್ದ. ಚಪ್ಪಲಿಯ ಮಾತನ್ನು ಕಟ್ ಮಾಡುತ್ತೇವೆ ಅಂದಿದ್ದರು ಚಾನೆಲ್ಲಿನವರು. ಮಾಡಿರಲಿಲ್ಲ.

ಕೆಳಮನೆಯ ನರೇಶ ಬಾಯಲ್ಲಿದ್ದ ಕಡ್ಲೆಪುರಿಯನ್ನು ಅಗಿಯುವುದನ್ನೂ ನಿಲ್ಲಿಸಿದ. ಮುನಿಯಕ್ಕ ರಿಮೋಟು ಒತ್ತಿದಳು.

"ಓದ್ವಾರ ಬಂದೋನೇ ವಾಸಿ," ಅಂದಳು. "ತಿಂಗ್ಳು ಮುಗಿಯೋವೊತ್ಗೆ ಮನೆ ಖಾಲಿ ಮಾಡಪ್ಪ."

ಎಲ್ಲರೂ ಎದ್ದರು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆಯೇ ಬಿದ್ದಿತ್ತು. ಅಕ್ಕನ ಕಣ್ಣೆದುರು ಅದರೊಳಗೆ ಕೈಯಾಡಿಸಲು ಯಾರಿಗೂ ಧೈರ್ಯವಿಲ್ಲ. ನರೇಶ ತನ್ನದೊಂದು, ಯಾರದೋ ಒಂದು ಮೆಟ್ಟಿಕೊಂಡು ಓಡಿದ.

ಬೆಳಗಾಗುವಷ್ಟರಲ್ಲಿ ಆ ತುಣುಕು ಊರೆಲ್ಲರ ಫೋನಿಗೂ ಬಂದಿತ್ತು. ಏಳು ಸಮುದ್ರದಾಚೆಯ ಗಿಳಿಯೊಳಗೆ ಜೀವ ಇಟ್ಟ ರಕ್ಕಸಿಯ ಹಾಗೆ ಮುನಿಯಕ್ಕನ ಜೀವ ಮೊಮ್ಮಗಳು ಮಹಾಲಕ್ಷ್ಮಿಯ ಫೋನಿನೊಳಗೆ ಸಿಕ್ಕಿಕೊಂಡಿತ್ತು. ಅವರೆಕಾಯಿ ಸುಲಿಯುತ್ತ, "ಜನ ಏನ್ ಬರ್ದವ್ರೆ, ಓದವ್ವ" ಅಂದಳು.

"‘ಅಂಜನ್ ಅಣ್ಣ ಬೆಂಕಿ.’"

"ಮುಂದಕ್ಕೋಗು."

"‘ನಕ್ಕು ನಕ್ಕು ಹೊಟ್ಟೆನೋವು ಬಂತು ಗುರು.’"

"ಬರ್ಲಿ. ಆಮೇಲೆ?"

"‘ಕಳೆದ ವಾರದ ಗೆಸ್ಟೇ ಪರವಾಗಿಲ್ಲ.’"

"ಯಾರ್ ಪುಣ್ಯಾತ್ಮ ಅದು? ಬುದ್ವಂತ."

ಮಹಾಲಕ್ಷ್ಮಿ ಮುಂದಿನದಕ್ಕೆ ಬೆರಳು ಸರಿಸಿದಳು. "‘ಎಲ್ಲಾ ಕಟ್ಟುಕಥೆ. ಚಪ್ಪಲಿ ಎಣಿಸೋ ಓನರು ಎಲ್ಲಾದ್ರೂ ಇರ್ತಾರಾ? ಇಲ್ಲದಿರೋರನ್ನ ಹುಟ್ಸಿ ನಗ್ಸೋದೂ ಒಂದು ಕಾಮಿಡಿನಾ?’ ಇದಕ್ಕೆ ನಾನೂರು ಲೈಕು, ಅಜ್ಜಿ."

ಅವರೆಕಾಯಿ ಕೈಯಲ್ಲೇ ಉಳಿಯಿತು. "ಇಲ್ದಿರೋರಾ?"

"ಹೂಂ. ನೀನು ಇಲ್ವೇ ಇಲ್ವಂತೆ."

"ಅದಿನೈದು ವರ್ಸದಿಂದ ಮಂಡಿನೋವು ನುಂಗ್ಕಂಡು ಮೆಟ್ಲು ಅತ್ತಿ ಅತ್ತಿ ಎಣಿಸ್ತಾ ಇವ್ನಿ, ನಾನಿಲ್ವಾ? ಬರಿ! ಅಂಜನ್ ಯೋಳಿದ್ದೆಲ್ಲಾ ದಿಟ. ಆ ಓನರು ನಾನೇಯ. ಊಡಿ ಕೆರೆ ರಸ್ತೆ, ಅಸ್ರು ಗೇಟು. ಬೇಕಾದ್ರೆ ಬಂದು ನೋಡ್ಕಳಿ. ಬರೋವಾಗ ಚಪ್ಪಲಿ ಬೀದೀಲೇ ಬಿಟ್ಬನ್ನಿ."

ಉತ್ತರ ಕ್ಷಣದಲ್ಲಿ ಬಂತು: ‘ಇದೂ ಡವ್. ನಿಜ ಆದ್ರೆ ವಿಡಿಯೋ ಹಾಕಿ ನೋಡೋಣ.’

ಮುನಿಯಕ್ಕ ಗೃಹಪ್ರವೇಶದ ಸೀರೆ ಉಟ್ಟು ಮೆಟ್ಟಿಲು ಹತ್ತಿದಳು. ಹಿಂದೆ ಫೋನು ಹಿಡಿದ ಮಹಾಲಕ್ಷ್ಮಿ. ಮೂರನೇ ಮಹಡಿಯಲ್ಲಿ ಅಂಜನ್ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದವನು ಗಾಬರಿಯಿಂದ ಬಾಗಿಲಿಗೆ ಬಂದ.

"ನೀನ್ ಯೋಳಿದ್ದು ತಪ್ಪು," ಅಂದಳು ಮುನಿಯಕ್ಕ.

"ತಪ್ಪಾಯ್ತು ಅಕ್ಕ."

"ಪೂರ್ತಿ ಕೇಳಪ್ಪ. ಬರೀ ಚಪ್ಪಲಿ ಅಲ್ಲ, ಮ್ಯಾಲೆ ಒಣಗಾಕಿರೋ ಟವಲ್ಲೂ ಎಣಿಸ್ತೀನಿ. ಅದ್ನ ಯಾಕ್ ಬಿಟ್ಟೆ? ಅರ್ಧಂಬರ್ಧ ಯೋಳಿದ್ರೆ ಜನ ಎಂಗೆ ನಂಬ್ತಾರೆ?"

ಮಹಾಲಕ್ಷ್ಮಿ ಫೋನು ಎತ್ತಿದಳು. ಮುನಿಯಕ್ಕ ಸೆರಗು ಸರಿಮಾಡಿಕೊಂಡು, ಬಾಗಿ, ಬೆರಳು ಚಾಚಿದಳು. "ಒಂದು."

ಇನ್ನೊಂದು ಜೊತೆ ಇರಲಿಲ್ಲ.

"ಅಷ್ಟಕ್ಕೇ ಮುಗ್ದೋಯ್ತಾ? ಇದನ್ನ ಹಾಕಿದ್ರೆ ಇನ್ನೂ ಆಡ್ಕೋತಾರೆ ಅಜ್ಜಿ."

ಮುನಿಯಕ್ಕ ಅಂಜನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಅಲ್ಲ ಕಣಪ್ಪ, ನಿನ್ ಮನೆಗೆ ಒಬ್ರೂ ಬರಾಕಿಲ್ವಾ?"

"ಬುಧವಾರ ಅಮ್ಮ ಬರ್ತಾರೆ ಅಕ್ಕ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನು. ತಿಂಗಳು ಇರ್ಬೇಕು. ನಿಮ್ಮನ್ನ ಕೇಳೋಣ ಅಂತಲೇ..." ಅವನ ಕಣ್ಣು ಪೆಟ್ಟಿಗೆಯ ಕಡೆ ಹೋಯಿತು.

ಮುನಿಯಕ್ಕ ಪೆಟ್ಟಿಗೆಯನ್ನು ನೋಡಿದಳು. ಒಂಟಿ ಜೊತೆಯನ್ನು ನೋಡಿದಳು. ಆಮೇಲೆ ಗೋಡೆ ಹಿಡಿದು ತನ್ನ ಸವೆದ ಹವಾಯಿ ಚಪ್ಪಲಿ ಬಿಚ್ಚಿ, ಹೆಬ್ಬೆರಳಲ್ಲಿ ದೂಡಿ, ಅವನ ಚಪ್ಪಲಿಯ ಪಕ್ಕಕ್ಕೆ ಸಾಲಾಗಿ ಇಟ್ಟಳು.

"ಮೊದ್ಲಿಂದ ತೆಗಿಯವ್ವ. ಒಂದು... ಎರ್ಡು." ನಂತರ ಅಂಜನ್ ಕಡೆ ತಿರುಗಿ, "ನಿಮ್ಮವ್ವ ಬರೋಗಂಟ ಇವು ಇಲ್ಲೇ ಇರ್ಲಿ," ಅಂದಳು.

ಬರಿಗಾಲಲ್ಲಿ ನಾಲ್ಕು ಮೆಟ್ಟಿಲು ಇಳಿದವಳು ನಿಂತು ಕೂಗಿದಳು: "ಫ್ರಿಜ್ಜಲ್ಲಿ ಮಡಗೀಯ, ಜ್ವಾಕೆ!"