ಏಳು ಪಿರಿಯಡ್‌ಗಳ ಮನೆಶಾಲೆ

ಬಂಧುಗಳಿಗೆ ಶರಣು... ಮಕ್ಕಳಿರುವ ಮನೆಯವರು ಎರಡು ನಿಮಿಷ ಕೊಟ್ಟು ಓದಿ.

ನಮ್ಮದು ಗದಗ. ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ, ಹೆಡ್ ಮಾಸ್ತರನಾಗಿ ನಿವೃತ್ತನಾದವನು ನಾನು.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ನನ್ನ ಒಬ್ಬಳೇ ಮಗಳು ದಾಕ್ಷಾಯಣಿ ಜ್ವರದಲ್ಲಿ ತೀರಿಕೊಂಡಳು. ಮಲಗಿದ್ದು ಆರೇ ದಿನ...

ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅವಳ ಮಗಳು ತೇಜಸ್ವಿನಿ ಆಗ ಏಳನೆಯ ತರಗತಿ.

ಜೂನ್‌ನಲ್ಲಿ ಮೊಮ್ಮಗಳು ಅದೇ ಹೈಸ್ಕೂಲಿಗೆ ಸೇರಬೇಕಿತ್ತು. ಗೇಟಿನವರೆಗೆ ಬಂದಳು... ಒಳಗೆ ಕಾಲಿಡಲಿಲ್ಲ.

“ಸ್ಟಾಫ್ ರೂಮಿನ ಕಿಟಕ್ಯಾಗ ಅವ್ವ ಕಂಡಂಗ ಆಗ್ತೈತಿ ಅಜ್ಜಾ. ನಾ ಒಲ್ಲೆ.”

ಬೇರೆ ಶಾಲೆಗೂ ಒಪ್ಪಲಿಲ್ಲ. ಅಳಿಯ ರೈಲು ಓಡಿಸುವವನು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. “ಮಾವಾರ, ಮನ್ಯಾಗ ನೀವ ಕಲಿಸ್ರಿ” ಎಂದು ಕೈ ಮುಗಿದ.

ಎಂಟು, ಒಂಬತ್ತು, ಹತ್ತು... ಮೂರು ವರ್ಷಕ್ಕೂ ಯೋಜನೆ ಹಾಕಿದೆ. ಕೊನೆಗೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಸುವುದು.

ಪುಸ್ತಕಗಳನ್ನು ಹರಡಿಕೊಂಡು ಯಾವ ಪಾಠ ಯಾವ ವಾರ ಎಂದು ಬರೆದೆ. ದಿನಕ್ಕೆ ಏಳು ಪಿರಿಯಡ್. ಭಾನುವಾರ ಕಿರುಪರೀಕ್ಷೆ.

ನನ್ನ ಸೇವೆಯಲ್ಲಿ ಯಾವ ತರಗತಿಗೂ ಖಾಲಿ ಪಿರಿಯಡ್ ಬಿಟ್ಟವನಲ್ಲ. ಮಾಸ್ತರರು ರಜೆ ಹಾಕಿದರೆ ನಾನೇ ಹೋಗಿ ನಿಲ್ಲುತ್ತಿದ್ದೆ. ಖಾಲಿ ಕುಳಿತ ಮಕ್ಕಳ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ ಎಂಬುದು ನನ್ನ ನಂಬಿಕೆ.

ಗೋಡೆಗೆ ಅಂಟಿಸಿದ ಚಾರ್ಟನ್ನು ನನ್ನ ಮಡದಿ ಶಿವಲಿಂಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

“ಎಲ್ಲಾ ಬರೋಬ್ಬರಿ ಐತ್ರಿ ಹೆಡ್ ಮಾಸ್ತರ್. ಘಂಟಿ ಹೊಡ್ಯಾಕ ನನ್ನ ನೇಮಿಸಿರೇನು?”

ಹುಡುಗಿಯ ತುಟಿಯಲ್ಲಿ ಸಣ್ಣ ನಗು ಸುಳಿಯಿತು. ನಾನು ಗೆದ್ದೆ ಎಂದುಕೊಂಡೆ...

ನಾನು ಕನ್ನಡದ ಮಾಸ್ತರ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಜ್ಞಾನವನ್ನು ಮೊದಲು ನಾನು ಓದಿಕೊಂಡು, ಆಮೇಲೆ ಅವಳಿಗೆ ಹೇಳುತ್ತಿದ್ದೆ.

ಆದರೆ ದಿನವೂ ವಿಜ್ಞಾನದ ಪಿರಿಯಡ್ ಬಂತೆಂದರೆ ಅವಳದು ಒಂದೇ ಮಾತು... “ಅಜ್ಜಾ, ಹೊರಗ ಹೋಗಿ ಬರ್ಲ್ಯಾ?”

ಹೋದವಳು ಬರುವುದು ಕಾಲು ಗಂಟೆಗೆ.

ಮೂರನೆಯ ವಾರ ಗದರಿದೆ. “ಪಾಠ ತಪ್ಪಿಸಾಕ ನೆವಾ ಹುಡುಕ್ತಿ ಏನ? ಇಂಥಾ ಆಟ ಮೂವತ್ನಾಕು ವರ್ಷ ನೋಡೇನಿ ನಾ.”

ಅವಳು ಎದ್ದು ಹೋದಳು. ನಾನು ಹಿಂದೆಯೇ ಹೋದೆ.

ಬಚ್ಚಲುಮನೆಯಲ್ಲಿ ನಳ ಜೋರಾಗಿ ಬಿಟ್ಟಿತ್ತು. ಬಕೆಟ್ ತುಂಬಿ ಹರಿಯುತ್ತಿತ್ತು. ಹುಡುಗಿ ಮೂಲೆಯಲ್ಲಿ ಕುಕ್ಕರಿಸಿ, ಓಢಣಿಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು...

ನಳ ಬಂದ್ ಮಾಡಿದೆ. ಅವಳು ಬೆದರಿ ಮುಖ ಒರೆಸಿಕೊಂಡಳು.

“ತಪ್ಪಾತ್ರಿ ಅಜ್ಜಾ. ಇನ್ನ ಅಳೂದಿಲ್ಲ.”

“ಇಲ್ಲಿ ಬಂದು ಯಾಕ ಅಳ್ತಿ ಕೂಸ?”

“ಅವ್ವನ್ನ ಮಣ್ಣು ಮಾಡಿದ ದಿನ ನೀವ ಹೇಳಿದ್ರೆಲ್ರೀ... ಅಕಿ ಲಿಂಗೈಕ್ಯ ಆಗ್ಯಾಳ, ನಮ್ಮೊಳಗ ಸೂತಕ ಇಲ್ಲ, ಅಳಬಾರದು ಅಂತ. ಅದಕ್ಕ ನಿಮಗ ಕೇಳಸಬಾರದಂತ ನಳಾ ಬಿಡ್ತೇನಿ.”

ಓಢಣಿಯ ತುದಿ ಹಿಂಡುತ್ತಾ ಅಂದಳು... “ನಿಮ್ಮ ಟೈಂಟೇಬಲ್‌ನ್ಯಾಗ ಅವ್ವನ್ನ ನೆನಸಾಕ ಜಾಗಾನ ಇಲ್ರೀ.”



ಹೌದು, ನಾನೇ ಹೇಳಿದ್ದೆ. ಸಾವು ಮನೆಗೆ ಮೈಲಿಗೆ ತರುವುದಿಲ್ಲ ಎಂದು ನಮ್ಮ ಶರಣರು ಹೇಳಿದ್ದು ನಿಜ. ಆದರೆ ಅಳಬೇಡಿ ಎಂದು ಅವರು ಎಲ್ಲಿ ಹೇಳಿದ್ದರು?

ಅದನ್ನು ಸೇರಿಸಿದವನು ನಾನು... ಮಗು ಅತ್ತರೆ ನಾನು ಒಡೆದುಹೋಗುತ್ತೇನೆಂಬ ಹೆದರಿಕೆಗೆ.

ಆ ಮೂರು ವರ್ಷದ ಯೋಜನೆಯೂ ಅಷ್ಟೇ. ಒಂದು ಗಳಿಗೆಯೂ ಖಾಲಿ ಕೂರಲು ಹೆದರುತ್ತಿದ್ದವನು ನಾನು.

ಆ ಒದ್ದೆ ನೆಲದಲ್ಲೇ ಕುಳಿತೆ. “ದಾಕ್ಷಾಯಣೀ...” ಎಂದು ಮಗಳ ಹೆಸರು ಹಿಡಿದು ಕರೆದೆ. ಅವಳು ಹೋದ ಮೇಲೆ ಅದೇ ಮೊದಲ ಸಲ.

ಮೊಮ್ಮಗಳು ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಶಿವಲಿಂಗವ್ವ ಬಂದು ಬಾಗಿಲಲ್ಲಿ ನಿಂತಳು... ಆಮೇಲೆ ತಾನೂ ನಮ್ಮ ಪಕ್ಕದಲ್ಲಿ ಕುಳಿತಳು.

ಆ ದಿನ ಪಾಠ ನಡೆಯಲಿಲ್ಲ.

ಮರುದಿನ ಹೊಸ ಚಾರ್ಟ್ ಬರೆದೆ. ಏಳನೆಯ ಪಿರಿಯಡ್ ಖಾಲಿ ಬಿಟ್ಟೆ. ಅದಕ್ಕೆ ಹೆಸರನ್ನೂ ಕೊಡಲಿಲ್ಲ.

ಮೊದಲ ದಿನ ಅದರಲ್ಲಿ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವಳೇ ಕೇಳಿದಳು.

“ಅವ್ವ ಎಂಟನೇ ಕ್ಲಾಸಿನ್ಯಾಗ ಇದ್ದಾಗ ಹೆಂಗಿದ್ಲ್ರೀ ಅಜ್ಜಾ?”

“ಭಾಳ ಕಿಲಾಡಿ. ಅರ್ಧವಾರ್ಷಿಕದಾಗ ಲೆಕ್ಕಕ್ಕ ನಪಾಸಾಗಿ, ಮಾರ್ಕ್ಸ್ ಕಾರ್ಡ್ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟಿದ್ಲು.”

“ಹೆಡ್ ಮಾಸ್ತರ್ ಮಗಳು ನಪಾಸಾ?”

ನಕ್ಕಳು. ನಗುತ್ತಲೇ ಅತ್ತಳು. ಈ ಸಲ ನನ್ನ ಎದುರಿಗೇ...

ಈಗ ಒಂಬತ್ತನೆಯ ತರಗತಿಯ ಚಾರ್ಟ್ ಬರೆಯುತ್ತಿದ್ದೇನೆ. ವರ್ಷ ಕಳೆಯಿತು, ಪಾಠಗಳೂ ಹೆಚ್ಚು. ಏಳನೆಯ ಪಿರಿಯಡ್‌ಗೆ ಪೆನ್ಸಿಲಿನಲ್ಲಿ ‘ಗಣಿತ’ ಎಂದು ಬರೆದೆ.

ಅವಳು ಚಾರ್ಟ್ ನೋಡಿದಳು. ರಬ್ಬರ್ ತೆಗೆದುಕೊಂಡು ಆ ಅಕ್ಷರಗಳನ್ನು ಮೆಲ್ಲಗೆ ಅಳಿಸಿದಳು.

“ಇದು ಹಂಗ ಇರ್ಲಿ ಅಜ್ಜಾ. ಈಗೀಗ ನನಗಿಂತ ನಿಮಗ ಬೇಕಾಗೇತಿ.”

*

ದೇವರ ಮೇಲಿನ ನಂಬಿಕೆ ಕಣ್ಣೀರನ್ನು ಬೇಡವೆನ್ನುವುದಿಲ್ಲ... ಬೇಡವೆನ್ನುವವರು ನಾವು.

ನಿಮ್ಮ ಮನೆಯ ಮಕ್ಕಳು ನಿಮ್ಮೆದುರು ಕುಳಿತು ಅಳಬಲ್ಲರೇ?