ಗೋಡೆಗೆ ಹಿಡಿದ ಲೋಟ

ಸ್ಟೀಲ್ ಲೋಟದ ಬಾಯನ್ನು ಗೋಡೆಗೊತ್ತಿ, ತಳಕ್ಕೆ ಕಿವಿಯಾನಿಸಿ ಅಕ್ಕ ಉಸಿರು ಬಿಗಿಹಿಡಿದು ನಿಂತಳು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿಯಾಗಿತ್ತು. ಆದರೂ ಹೊರಗೆ ನೀರಿನ ಮೀಟರಿನ ಕೆಂಪು ಮುಳ್ಳು ಮೆಲ್ಲಗೆ ತಿರುಗುತ್ತಲೇ ಇತ್ತು. "ಗೋಡೆ ಒಳಗೇ ಎಲ್ಲೋ ಸೋರ್ತಿದೆ. ಸದ್ದು ಕೇಳಿಸಿದ ಕಡೆ ಗುರುತು ಹಾಕಿಡಿ, ಅಲ್ಲಿ ಮಾತ್ರ ಒಡೀತೀನಿ" ಎಂದು ಪ್ಲಂಬರ್ ಫೋನಿನಲ್ಲಿ ಹೇಳಿದ್ದ.

ಗೋಡೆಗೂ ಕಿವಿ ಇರುತ್ತದಂತೆ. ಈ ಮನೆಯಲ್ಲಿ ಆ ಕಿವಿ ಅಕ್ಕನದೇ. ಚಿಕ್ಕಂದಿನಲ್ಲಿ, ಆಚೆ ಕೋಣೆಯಲ್ಲಿ ಅಪ್ಪ ಅಮ್ಮನ ದನಿ ಏರಿದಾಗಲೆಲ್ಲ ಹತ್ತು ವರ್ಷದ ಅವಳು ಇದೇ ಗೋಡೆಗೆ ಹೀಗೇ ಲೋಟ ಹಿಡಿಯುತ್ತಿದ್ದಳು. ಆರು ವರ್ಷದ ತಂಗಿ ತೋಳು ಜಗ್ಗಿ, "ನಂಗೂ ಕೊಡಕ್ಕಾ" ಎಂದು ಗೋಗರೆದರೂ ಒಂದು ಸಲವೂ ಬಿಟ್ಟುಕೊಟ್ಟವಳಲ್ಲ. "ಏನಿಲ್ಲ ಕಣೇ, ನಗಾಡ್ತಿದ್ದಾರೆ. ಮಲ್ಕೋ" ಅನ್ನುವಳು.

ಈಗ ಲೋಟದೊಳಗೆ ಸುಯ್ಯೆಂದು ನೀರಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ ತಂಗಿ, ತಲೆಯೆಲ್ಲ ನರೆತವಳು, "ಏನಾದ್ರೂ ಕೇಳಿಸ್ತಾ ಅಕ್ಕಾ?" ಎಂದಳು.

"ಏನಿಲ್ಲ ಕಣೇ" ಎಂದುಬಿಟ್ಟಳು ಅಕ್ಕ. ಬುದ್ಧಿಗಿಂತ ಮೊದಲು ನಾಲಿಗೆ ಹೊರಳಿತ್ತು.

ತಂಗಿ ಅವಳ ಮುಖವನ್ನೊಮ್ಮೆ ನೋಡಿದಳು. ಲೋಟದ ಸುತ್ತ ಗೋಡೆಯ ಮೇಲೆ ಗುಂಡಗೆ ಗೆರೆ ಎಳೆದಳು. "ಆಗ್ಲೂ ನಿನ್ನ ಮುಖ ನೋಡಿದ್ರೆ ಎಲ್ಲಾ ಗೊತ್ತಾಗ್ತಿತ್ತು ಕಣಕ್ಕಾ" ಎಂದಳು. "ಆದ್ರೂ ನೀನು ಹಾಗಂದ್ಮೇಲೇ ನಂಗೆ ನಿದ್ದೆ ಬರ್ತಿದ್ದಿದ್ದು."