ದೋಣಿಯಿಂದ ಇಳಿದವಳು

ಇರ್ಮೆಲಿ ಹುಟ್ಟಿದ ದಿನವೇ ತಾಯಿ ತೀರಿಕೊಂಡಳೆಂದು ಅಪ್ಪ ಹೇಳಿದ್ದ. ತಾಯಿ ಫಿನ್‌ಲ್ಯಾಂಡಿನ ಮೂಕಿ ಚಿತ್ರಗಳ ನಟಿ. ಮನೆಯಲ್ಲಿ ಅಪ್ಪ ಅವಳದೊಂದು ಫೋಟೋವನ್ನೂ ಇಟ್ಟಿರಲಿಲ್ಲ. ನಟಿಸಿದ ಚಿತ್ರಗಳೆಲ್ಲ ಸ್ಟುಡಿಯೊಗೆ ಬೆಂಕಿ ಬಿದ್ದಾಗ ಸುಟ್ಟುಹೋಗಿದ್ದವು. ಅರವತ್ತು ದಾಟಿದರೂ ಇರ್ಮೆಲಿ ತಾಯಿಯ ಮುಖ ನೋಡಿರಲಿಲ್ಲ.

ಒಂದು ದಿನ ಹೆಲ್ಸಿಂಕಿಯ ಚಿತ್ರ ಸಂಗ್ರಹಾಲಯದಿಂದ ಫೋನ್ ಬಂತು. ಯಾವುದೋ ಹಳ್ಳಿಮನೆಯ ಅಟ್ಟದಲ್ಲಿ ಒಂದು ರೀಲು ಸಿಕ್ಕಿತ್ತು. ಅವಳು ಹೋದಳು.

ಪರದೆಯ ಮೇಲೆ ತೆಳ್ಳಗಿನ ಹೆಂಗಸೊಬ್ಬಳು ದೋಣಿಯಿಂದ ಇಳಿದಳು. ಒದ್ದೆಯಾದ ಲಂಗದ ಅಂಚು ಹಿಂಡಿಕೊಂಡಳು. ಯಾರತ್ತಲೋ ತಿರುಗಿ ನಕ್ಕಳು. ಅಷ್ಟಕ್ಕೇ ರೀಲು ಮುಗಿಯಿತು.

"ಇವರೇ ನಿಮ್ಮಮ್ಮ," ಎಂದ ಸಂಗ್ರಹಾಲಯದ ವೆಯ್ಕೊ. "ಇನ್ನೊಂದ್ಸಲ ಹಾಕ್ಲಾ?"

"ಹಾಕಿ."

ಇರ್ಮೆಲಿಗೆ ಅಳು ಬರಲಿಲ್ಲ.

"ಯಾವಾಗ ತೆಗೆದಿದ್ದು ಇದನ್ನ?"

"ಇಪ್ಪತ್ತೇಳನೇ ಇಸವಿ ಬೇಸಿಗೇಲಿ."

"ಸರಿಯಾಗಿ ಗೊತ್ತಾ?"

"ಕ್ಯಾಮೆರಾ ಹಿಡಿದವರು ಇನ್ನೂ ಇದ್ದಾರೆ, ಅವರೇ ಹೇಳಿದ್ರು. ಯಾಕೆ?"

ಇರ್ಮೆಲಿ ಪರದೆಯಿಂದ ಕಣ್ಣು ಕೀಳಲಿಲ್ಲ.

"ಆ ಬೇಸಿಗೆ ಮುಗಿದ ಮೇಲೇ ಅಪ್ಪ ನನ್ನನ್ನ ಸ್ಕೂಲಿಗೆ ಸೇರಿಸಿದ್ದು."